ಶಾಲೆಗೆ ದಡಾರ ಲಸಿಕೆ ಬರುವ ಮುಂಚೆ ಶಿಕ್ಷಕರು ಮಾಡಿಕೊಳ್ಳಬೇಕಾದ ಕೆಲಸ

2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ (ದಡಾರದ ಹಾಗೇ ಮೈಮೇಲೆ ದದ್ದು ಬರುವ ಇನ್ನೊಂದು ರೋಗ) ಲಸಿಕೆ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಒಂಬತ್ತು ತಿಂಗಳು ತುಂಬಿದವರಿಂದ ಹಿಡಿದು 15 ವರ್ಷದೊಳಗಿನ ಎಲ್ಲರಿಗೂ ಒಂದೊಂದು ಡೋಸ್. ಮೂಡಿಗೆರೆ ಕಡೆಯ ನಮ್ಮ ಶಾಲೆಯಲ್ಲಿ ಆಗ ಕಲಿತದ್ದನ್ನು ಹೊಸ ಶಿಕ್ಷಕರಿಗೆಂದು ಬರೆಯುತ್ತಿದ್ದೇನೆ. ಸೂಜಿ ಹಾಕುವುದು ಸಿಸ್ಟರ್ ಕೆಲಸ. ಮಕ್ಕಳು ಅವತ್ತು ಶಾಲೆಗೆ ಬರುವ ಹಾಗೆ ಮಾಡುವುದು ನಮ್ಮದು.

ಕಾಫಿ ಕೊಯ್ಲಿನ ಕಾಲದಲ್ಲಿ ಹಗಲು ಹೊತ್ತು ಪೋಷಕರ ಸಭೆ ಕರೆಯಬೇಡಿ. ಬಂದವರಿಗೆ ಆ ದಿನದ ಕೂಲಿ ಹೋಗುತ್ತದೆ. ಸಂಜೆ ಆಶಾ ಕಾರ್ಯಕರ್ತೆಯ ಜೊತೆ ನೀವೇ ತೋಟದ ಲೈನ್ ಮನೆಗಳಿಗೆ ಹೋಗಿ. "ಮಗು ಇದ್ದಾಗ್ಲೇ ಹಾಕ್ಸಿದೀವಲ್ಲ ಟೀಚರ್, ಮತ್ಯಾಕೆ?" ಅಂತ ಕೇಳೇ ಕೇಳುತ್ತಾರೆ. ಒಂದು ಡೋಸ್ ಹಾಕಿಸಿಕೊಂಡ ಎಲ್ಲರಿಗೂ ರಕ್ಷಣೆ ಸಿಕ್ಕಿರುವುದಿಲ್ಲ, ಹೆಚ್ಚಿನ ಡೋಸಿನಿಂದ ತೊಂದರೆಯಿಲ್ಲ ಅಂತ ಹೇಳಿ. ದಡಾರ ಗಾಳಿಯಲ್ಲೇ ಹರಡುತ್ತದೆ. ನೂರಕ್ಕೆ 95 ಮಕ್ಕಳಿಗಾದರೂ ಎರಡು ಡೋಸ್ ಆಗಿದ್ದರೆ ಮಾತ್ರ ಅದು ನಿಲ್ಲುವುದು. "ಅಮ್ಮ ಬಂದು ಹೋಗಿದೆ" ಅನ್ನುವ ಅಜ್ಜಿಯರ ಜೊತೆ ವಾದಕ್ಕೆ ಇಳಿಯಬೇಡಿ. ಬೇವಿನ ಸೊಪ್ಪು ಅವರ ನಂಬಿಕೆ, ಅದು ಇರಲಿ. ಆದರೆ ದಡಾರ ಬಂದ ಮಗುವಿಗೆ ನ್ಯುಮೋನಿಯಾ, ಭೇದಿ ಹಿಡಿಯಬಹುದು, ಕಣ್ಣೂ ಹೋಗಬಹುದು ಅನ್ನುವುದನ್ನು ಬಿಡದೆ ಹೇಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ತೋರಿಸಿದರೆ ಸಿಟ್ಟಾಗದೆ ಪೂರ್ತಿ ಕೇಳಿಸಿಕೊಳ್ಳಿ. ಹೆದರಿದ ತಾಯಿಗೆ ಬೇಕಾದದ್ದು ಉತ್ತರ, ಬೈಗುಳವಲ್ಲ.

ಜೋರು ಜ್ವರ ಇರುವವರು, ಹಿಂದೆ ಲಸಿಕೆಯಿಂದ ತೀವ್ರ ಅಲರ್ಜಿ ಆದವರು, ದೊಡ್ಡ ಕಾಯಿಲೆಗೆ ಔಷಧಿಯಲ್ಲಿರುವವರು ಯಾರು ಅಂತ ಮೊದಲೇ ಬರೆದಿಟ್ಟು ಸಿಸ್ಟರಿಗೆ ಕೊಡಿ. ಬರೀ ನೆಗಡಿಗೆ ಯಾರನ್ನೂ ಬಿಡಬೇಕಿಲ್ಲ.

ಅವತ್ತು ಖಾಲಿ ಹೊಟ್ಟೆಯಲ್ಲಿ ಯಾರೂ ಸಾಲಿನಲ್ಲಿ ನಿಲ್ಲಬಾರದು. ತಲೆ ಸುತ್ತಿ ಬೀಳುವುದು ಹೆಚ್ಚಾಗಿ ಹಸಿವಿಗೆ ಮತ್ತು ಭಯಕ್ಕೆ, ಒಬ್ಬರು ಬಿದ್ದರೆ ಇಡೀ ತರಗತಿ ಅಳುತ್ತದೆ. ಮೂರು ಕೋಣೆ ಬಿಡಿಸಿಡಿ: ಕಾಯಲು ಒಂದು, ಲಸಿಕೆಗೆ ಒಂದು, ಆಮೇಲೆ ಅರ್ಧ ಗಂಟೆ ಕೂರಿಸಲು ಒಂದು. ಕಾಯುವವರಿಗೆ ಸೂಜಿ ಕಾಣಬಾರದು. ಒಂದು ವಯಲಿನಲ್ಲಿ (ಲಸಿಕೆಯ ಪುಟ್ಟ ಸೀಸೆ) ಹತ್ತು ಡೋಸ್ ಇರುತ್ತದೆ, ಕಲಸಿದ ಮೇಲೆ ನಾಲ್ಕೇ ಗಂಟೆಯೊಳಗೆ ಬಳಸಬೇಕು. ಹಾಗಾಗಿ ಹತ್ತು ಹತ್ತು ಮಕ್ಕಳನ್ನೇ ಕಳಿಸಿ. ಆ ಅರ್ಧ ಗಂಟೆ ಒಬ್ಬ ಶಿಕ್ಷಕರು ಕದಲದೆ ಅವರ ಜೊತೆ ಇರಬೇಕು, ಕಥೆ ಹೇಳಲಿ, ಹಾಡಿಸಲಿ. ಉಸಿರಾಟ ಕಷ್ಟವಾದರೆ, ಮೈಯೆಲ್ಲ ದದ್ದು ಎದ್ದರೆ ತಕ್ಷಣ ಸಿಸ್ಟರನ್ನು ಕೂಗಿ.

ವಾರ ಕಳೆದ ಮೇಲೆ ಕೆಲವರಿಗೆ ಸಣ್ಣ ಜ್ವರ, ಕೆಂಪು ಗುಳ್ಳೆ ಬರಬಹುದು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಇದನ್ನು ಮನೆಯವರಿಗೆ ಮುಂಚೆಯೇ ಹೇಳಿರಿ.

ಲಸಿಕೆ ಆದವರ ಎಡಗೈ ಹೆಬ್ಬೆರಳಿಗೆ ಗುರುತು ಹಾಕುತ್ತಾರೆ. ಸಂಜೆ ಹಾಜರಿ ಪುಸ್ತಕ ತೆಗೆದು ಗೈರಾದವರ ಹೆಸರು, ತೋಟದ ಹೆಸರು ಬರೆದು ಅವತ್ತೇ ಆಶಾಗೆ ಕೊಡಿ. ಹೊರಗಿಂದ ಕೆಲಸಕ್ಕೆ ಬಂದ ಕುಟುಂಬಗಳ, ಇನ್ನೂ ದಾಖಲಾಗದ ಮಕ್ಕಳ ಹೆಸರೂ ಆ ಪಟ್ಟಿಯಲ್ಲಿರಲಿ.