ಟೈರ್ ಬಾಳಿಕೆ ಬರಬೇಕೆ? ಮೊದಲು ಗಾಳಿ ನೋಡಿ

ಟೈರ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಸವೆದ ಟೈರ್ ಕೈಗೆ ಬಂದರೆ ಮೊದಲು ಅಂಗೈ ಆಡಿಸಿ ನೋಡುತ್ತೇನೆ. ಎರಡೂ ಅಂಚು ಸವೆದಿದ್ದರೆ ಕಡಿಮೆ ಗಾಳಿಯಲ್ಲಿ ಓಡಿದೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಬೋಳಾಗಿದ್ದರೆ ಹೆಚ್ಚಾಗಿ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲಬೇಕಾದ ಕೋನ, ತಪ್ಪಿರುತ್ತದೆ. ಅದನ್ನು ಸರಿಮಾಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೇ ಹಾಳಾಗುತ್ತದೆ.

ಗಾಳಿಯ ವಿಷಯದಲ್ಲಿ ನಾನು ಹಟಮಾರಿ. ತಿಂಗಳಿಗೊಮ್ಮೆಯಾದರೂ ನೋಡಲೇಬೇಕು, ಅದೂ ಗಾಡಿ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗ. ಓಡಿ ಬಿಸಿಯಾದ ಟೈರ್ ಒತ್ತಡ ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆ ಬೀಳುತ್ತದೆ. ಎಷ್ಟು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ. ಜನ, ಸಾಮಾನು ತುಂಬಿ ದೂರ ಹೋಗುವಾಗಿನ ಒತ್ತಡವನ್ನು ಬೇರೆಯಾಗಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಸ್ಟೆಪ್ನಿಯನ್ನಂತೂ ಬಹಳ ಮಂದಿ ಮರೆತೇಬಿಡುತ್ತಾರೆ, ದಯವಿಟ್ಟು ಅದನ್ನೂ ನೋಡಿ.

ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುವ ಕಾರಿನಲ್ಲಿ ಮುಂದಿನ ಟೈರ್‌ಗಳು ಬೇಗ ಸವೆಯುತ್ತವೆ. ಸುಮಾರು 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದೆ ಮುಂದೆ ಬದಲಿಸಿ. ಪಕ್ಕೆಯಲ್ಲಿ ತಿರುಗುವ ದಿಕ್ಕಿನ ಬಾಣವಿದ್ದರೆ ಎಡಬದಿಯದು ಎಡಕ್ಕೇ, ಬಲಬದಿಯದು ಬಲಕ್ಕೇ ಇರಲಿ.

ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಚಾಳಿ ಬಿಡಿ. ರಬ್ಬರ್ ನೆಲಕ್ಕೆ ಉಜ್ಜುತ್ತದೆ.

ಕೊನೆಗೆ, ಟೈರಿನ ನೆಲ ತಾಗುವ ಭಾಗದ ಕಚ್ಚುಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ, ಎತ್ತರ 1.6 ಮಿ.ಮೀ. ಸವೆತ ಅವುಗಳ ಮಟ್ಟಕ್ಕೆ ಬಂದರೆ ಟೈರ್ ಬದಲಿಸಲೇಬೇಕು. ಹೊಸದು ಕೊಳ್ಳುವಾಗ ಪಕ್ಕೆಯಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ ಓದಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು.