ಟರ್ಬೊ ಪೂರ್ತಿ ಬದಲಿಸದೆ ಬರೀ ಕೋರ್: ಸ್ವಿಫ್ಟ್ ಡೀಸೆಲ್‌ನಲ್ಲಿ ನನ್ನ ಅನುಭವ

‘ಕೋರ್ ಹಾಕಿದ ಗಾಡಿ ಆರು ತಿಂಗಳಲ್ಲಿ ವಾಪಸ್ ಬರುತ್ತೆ, ದುಡ್ಡು ದಂಡ’ ಅಂತ ಹೇಳದ ಮೆಕ್ಯಾನಿಕ್ ಇರಲಿಲ್ಲ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ; ಕೋರ್ ಅಂದರೆ ಅದರ ನಡುವಿನ, ಶಾಫ್ಟ್ ಮತ್ತು ಬೇರಿಂಗ್ ಇರುವ ತುಂಡು. ನಾವು ಕೋರ್ ಹಾಕಿದ 1.3 ಡೀಸೆಲ್ ಸ್ವಿಫ್ಟ್, ಡಿಜೈರ್‌ಗಳಲ್ಲಿ ಹಲವು ಆಮೇಲೆ 60–70 ಸಾವಿರ ಕಿ.ಮೀ. ದಾಟಿವೆ. ಹಾಗೆ ಹೇಳಿದವರೇ ಈಗ ಕೋರ್ ಎಲ್ಲಿ ತರಿಸ್ತೀರಿ ಅಂತ ಫೋನ್ ಮಾಡುತ್ತಾರೆ.

ಲೆಕ್ಕ ಹೀಗಿದೆ. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಹಾಗಾಗಿ ರಸ್ತೆಯಲ್ಲಿರುವ ಡೀಸೆಲ್ ಸ್ವಿಫ್ಟ್‌ಗಳೆಲ್ಲ ಹಳೆಯವೇ. ಮೂರು ಲಕ್ಷಕ್ಕೂ ಹೋಗದ ಗಾಡಿಗೆ ಹೊಸ ಟರ್ಬೊ ಹಾಕಿ, ಫಿಟ್ಟಿಂಗ್ ಎಲ್ಲ ಸೇರಿ 30 ಸಾವಿರ ಅಂದರೆ ಓನರ್ ಮುಖ ಬಾಡುತ್ತೆ. ಒಳ್ಳೆಯ ಕೋರ್ 7,000, ಟರ್ಬೊಗೆ ಎಣ್ಣೆ ತರುವ ಫೀಡ್ ಪೈಪ್ ಹೊಸದು 1,200, ಗ್ಯಾಸ್ಕೆಟ್ ಮತ್ತು ಕಾಪರ್ ವಾಷರ್ 600, ಎಣ್ಣೆ ಮತ್ತು ಫಿಲ್ಟರ್‌ಗಳು 2,500, ಕೂಲಿ 3,000. ಒಟ್ಟು 14 ಸಾವಿರದ ಆಸುಪಾಸು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಮೂರೂವರೆ ಸಾವಿರಕ್ಕೂ ಕೋರ್ ಸಿಗುತ್ತೆ, ತಗೊಳ್ಳಬೇಡಿ. ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಮೇಲೆ ತಿರುಗುತ್ತೆ. ಬ್ಯಾಲೆನ್ಸ್ ಸರಿಯಿಲ್ಲದ ಮಾಲು ಮೊದಲ ದಿನವೇ ಸೀಟಿ ಹೊಡೆಯುತ್ತೆ, ಆಮೇಲೆ ಬೇರಿಂಗ್ ತಿನ್ನುತ್ತೆ. ಬ್ಯಾಲೆನ್ಸಿಂಗ್ ಶೀಟ್ ಕೊಡದವನ ಹತ್ತಿರ ವ್ಯಾಪಾರವೇ ಬೇಡ.

ಟರ್ಬೊ ಎಷ್ಟು ಬಾಳುತ್ತೆ ಅಂದರೆ ಎಣ್ಣೆ ಬಾಳಿದಷ್ಟು. 10 ಸಾವಿರ ಕಿ.ಮೀ.ಗೆ ತಪ್ಪದೆ ಎಣ್ಣೆ ಬದಲಿಸಿದ ಹೈವೇ ಟ್ಯಾಕ್ಸಿಗಳು ಮೂಲ ಟರ್ಬೊದಲ್ಲೇ ಎರಡು, ಎರಡೂವರೆ ಲಕ್ಷ ಓಡಿದ್ದನ್ನು ನೋಡಿದ್ದೇನೆ. ಸರ್ವೀಸ್ ಮುಂದೂಡುತ್ತಾ ಬಂದ ಸಿಟಿ ಗಾಡಿ 80 ಸಾವಿರಕ್ಕೇ ಕೈ ಎತ್ತುತ್ತೆ. ಕೋರ್ ವಾಪಸ್ ಬರೋದಕ್ಕೂ ಇದೇ ಕಾರಣ. ಹಳೆಯ ಟರ್ಬೊವನ್ನು ಕೊಂದದ್ದು ಯಾವುದೋ ಅದು ಎಂಜಿನ್ನಲ್ಲೇ ಕೂತಿರುತ್ತೆ, ಹೊಸದನ್ನೂ ಕೊಲ್ಲುತ್ತೆ. 25 ಸಾವಿರದ ಒರಿಜಿನಲ್ ಹಾಕಿದ್ದರೂ ಅದೇ ಗತಿ. ಆದರೆ ಆಗ ಯಾರೂ ‘ಒರಿಜಿನಲ್ ಬಾಳಲ್ಲ’ ಅನ್ನೋದಿಲ್ಲ!

ಹಾಗಾಗಿ ನಾನು ಮೊದಲು ಎಂಜಿನ್ ತಳದ ಎಣ್ಣೆ ಚೇಂಬರ್ ಇಳಿಸುತ್ತೇನೆ. ಸ್ಟ್ರೈನರ್ ಜಾಲರಿ ಮೇಲೆ ಕಪ್ಪು ಮಡ್ಡಿ ಇದ್ದೇ ಇರುತ್ತೆ, ಅದನ್ನು ತೊಳೆದೇ ಮುಂದಿನ ಕೆಲಸ. ಫೀಡ್ ಪೈಪನ್ನು ತೊಳೆದು ಹಾಕೋದು ಬೇಡವೇ ಬೇಡ. ಹೊರಗಿಂದ ಚೊಕ್ಕಟವಾಗಿ ಕಾಣುತ್ತೆ, ಸೀಳಿ ನೋಡಿದರೆ ಬಗ್ಗಿದ ಜಾಗದಲ್ಲಿ ಸುಟ್ಟ ಎಣ್ಣೆ ಗಟ್ಟಿಯಾಗಿ ಅರ್ಧ ತೂತು ಮುಚ್ಚಿರುತ್ತೆ. ಫೀಡ್ ಕಡೆಗೆ ಸಿಲಿಕೋನ್ ಪೇಸ್ಟ್ ಮುಟ್ಟಿಸಲೇಬೇಡಿ, ಅದರ ಒಂದು ಚೂರು ಒಳಗೆ ಹೋದರೂ ಬೇರಿಂಗ್ ಮುಗೀತು.

ಅಸಲು ಪರೀಕ್ಷೆ ಬಾಟಲಿಯದು. ಕೋರ್ ಕೂರಿಸಿದ ಮೇಲೆ ಟರ್ಬೊದಿಂದ ಎಣ್ಣೆ ಇಳಿಯುವ ರಿಟರ್ನ್ ಪೈಪನ್ನು ಚೇಂಬರಿಗೆ ಕೊಡದೆ ಒಂದು ಲೀಟರ್ ಬಾಟಲಿಗೆ ಬಿಟ್ಟು ಐಡ್ಲಿಂಗ್‌ನಲ್ಲಿ ಒಂದು ನಿಮಿಷ ಓಡಿಸಿ. ಸುಮಾರು 300 ಮಿ.ಲೀ. ಬರಬೇಕು. 150 ಬಂದರೆ ಪಂಪ್, ಸ್ಟ್ರೈನರ್, ಪೈಪ್ ಮತ್ತೆ ನೋಡಿ, ಗಾಡಿ ಬಿಡಬೇಡಿ. ಚೇಂಬರಿನ ಎಣ್ಣೆ ಹೊರಗೆ ಬರುತ್ತಿರುತ್ತೆ, ಒಂದು ನಿಮಿಷದ ಮೇಲೆ ಓಡಿಸದೆ ಅಷ್ಟೇ ಎಣ್ಣೆ ವಾಪಸ್ ತುಂಬಿ.

ಜೋಡಿಸುವಾಗ ತಪ್ಪದಿರಲು, ಬಿಚ್ಚುವ ಮೊದಲೇ ಮೂರೂ ತುಂಡುಗಳ (ಎರಡು ಹೌಸಿಂಗ್, ನಡುವಿನ ಕೋರ್) ಮೇಲೆ ಪಂಚ್ ಗುರುತು ಹಾಕಿ. ಆಕ್ಚುಯೇಟರ್ ಕೂರೋದು ಗಾಳಿ ಒತ್ತುವ ಕಂಪ್ರೆಸರ್ ಕಡೆ, ಅದು ರಾಡ್‌ನಿಂದ ತೆರೆಯುವ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರೋದು ಹೊಗೆಯಿಂದ ತಿರುಗುವ ಟರ್ಬೈನ್ ಕಡೆ. ಕೆಲವು ಡಿಗ್ರಿ ತಿರುಗಿದರೂ ರಾಡ್ ಎಳೆತ ಬದಲಾಗಿ ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿ ಒತ್ತಡ, ಏರುಪೇರಾಗುತ್ತೆ. ‘ಕೋರ್ ಹಾಕಿಸಿದ ಮೇಲೆ ಪಿಕಪ್ ಇಲ್ಲ’ ಅನ್ನೋ ದೂರುಗಳಲ್ಲಿ ಬಹುಪಾಲು ಇದೇ. ಟರ್ಬೈನ್ ಹೌಸಿಂಗಿನ ತುಕ್ಕು ಹಿಡಿದ ಬೋಲ್ಟ್ ಮುರಿಯದೆ ಬಿಚ್ಚೋಕೆ ನನ್ನದೊಂದು ಉಪಾಯ ಇದೆ, ಅದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ, ಹೊಟ್ಟೆಪಾಡು.

ಸ್ಟಾರ್ಟ್ ಮಾಡುವ ಮುಂಚೆ, ಅಂದರೆ ಬಾಟಲಿ ಪರೀಕ್ಷೆಗೂ ಮೊದಲು, ಎರಡು ಕೆಲಸ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬಿಚ್ಚಿ ಒಳಗಿನ ಎಣ್ಣೆ ಸುರಿದು ತೊಳೆಯಿರಿ. ಬಿಟ್ಟರೆ ಎಂಜಿನ್ ಆ ಎಣ್ಣೆಯನ್ನೇ ಕುಡಿದು ಕೀ ತೆಗೆದರೂ ನಿಲ್ಲದೆ ರೇಸ್ ಆಗುತ್ತೆ. ಆಮೇಲೆ ಕೋರ್ ಬಾಯಿಗೆ ಹೊಸ ಎಣ್ಣೆ ತುಂಬಿ ಕೈಯಲ್ಲಿ ಶಾಫ್ಟ್ ತಿರುಗಿಸಿ, ಇಂಜೆಕ್ಟರ್ ಕನೆಕ್ಟರ್ ಕಿತ್ತು ಹತ್ತತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ, ರಿಟರ್ನ್‌ನಲ್ಲಿ ಎಣ್ಣೆ ಕಾಣುವ ತನಕ. ಎರರ್ ಕೋಡ್ ಬರುತ್ತೆ, ಅಳಿಸಿದರಾಯಿತು.

ಎಲ್ಲ ಸರಿ ಮಾಡಿಯೂ ನೀಲಿ ಹೊಗೆ ಬಂದರೆ ಕೋರ್ ಕಂಪನಿಯನ್ನು ಬಯ್ಯುವ ಮೊದಲು ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ದಾರಿ) ನೋಡಿ. ಟರ್ಬೊ ಸೀಲ್ ರಬ್ಬರ್ ಅಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಉಕ್ಕಿನ ರಿಂಗ್. ಬ್ರೀದರ್ ಕಟ್ಟಿ ಚೇಂಬರಿನಲ್ಲಿ ಗಾಳಿ ಒತ್ತಡ ಏರಿದರೆ ಎಣ್ಣೆ ಕೆಳಗಿಳಿಯದೆ ಸೀಲ್ ದಾಟುತ್ತೆ.

ಇನ್ನೊಂದು ಪ್ರಯೋಗ. ಶಿರಾಡಿ ಘಾಟಿ ಹತ್ತಿದ ಗಾಡಿಯನ್ನು ತಕ್ಷಣ ಆಫ್ ಮಾಡಿ ಬೇರಿಂಗ್ ಹೌಸಿಂಗಿಗೆ ಟೆಂಪರೇಚರ್ ಗನ್ ಹಿಡಿದರೆ, ಬಿಸಿ ಇಳಿಯೋದಿಲ್ಲ, ಮೊದಲ ಒಂದೆರಡು ನಿಮಿಷ ಏರುತ್ತೆ. ಎಣ್ಣೆ ಹರಿವು ನಿಂತಿರುತ್ತೆ, ಒಳಗಿದ್ದ ಎಣ್ಣೆ ಅಲ್ಲೇ ಸುಡುತ್ತೆ. ಒಂದು ನಿಮಿಷ ಐಡ್ಲಿಂಗ್ ಬಿಟ್ಟು ಆಫ್ ಮಾಡಿದರೆ ಈ ಏರಿಕೆ ಬಹಳ ಕಡಿಮೆ. ಸಿಟಿಯಲ್ಲಿ ನಿಧಾನಕ್ಕೆ ಬಂದು ನಿಂತ ಗಾಡಿಗೆ ಇದರ ಅಗತ್ಯವಿಲ್ಲ.

90 ಎಚ್‌ಪಿಯ ಎರ್ಟಿಗಾ, ಸಿಯಾಜ್‌ನ ವಿಜಿಟಿ (ಹೊಗೆಯ ದಾರಿ ತಾನೇ ಹಿಗ್ಗಿ ಕುಗ್ಗುವ) ಟರ್ಬೊಗೆ ಈ ವಿದ್ಯೆ ಹೀಗೇ ನಡೆಯೋದಿಲ್ಲ. ಆ ದಾರಿ ಬದಲಿಸುವ, ಮಸಿ ಕಟ್ಟಿದ ನಾಝಲ್ ರಿಂಗ್ ತೊಳೆದು ಕೋರ್ ಹಾಕಿ ನೋಡಿದ್ದಾಯಿತು, ಗಾಳಿ ಹರಿವು ಅಳೆಯುವ ಫ್ಲೋ ಬೆಂಚ್ ಮೇಲೆ ಸೆಟ್ ಮಾಡಿಸದೆ ಬೂಸ್ಟ್ ಸರಿ ಬರೋದಿಲ್ಲ. ಅಲ್ಲಿ ರೀಕಂಡೀಶನ್ಡ್ ಪೂರ್ತಿ ಟರ್ಬೊನೇ ಹಾಕಿಸಿ. ಸ್ವಿಫ್ಟ್‌ಗೆ ಮಾತ್ರ, ಕೋರ್ ಹಾಕಿ 500 ಕಿ.ಮೀ. ಆದಾಗ ಎಣ್ಣೆ, ಫಿಲ್ಟರ್ ಇನ್ನೊಮ್ಮೆ ಬದಲಿಸದಿದ್ದರೆ ಗ್ಯಾರಂಟಿ ಇಲ್ಲ ಅಂತ ಬಿಲ್ ಮೇಲೇ ಬರೆದು ಕೊಡುತ್ತೇನೆ.