ಹೊಸ ಹುಣಸೆಹಣ್ಣು ವರ್ಷಪೂರ್ತಿ ಕೆಡದಂತೆ ಇಡೋದು ಹೇಗೆ

ಯುಗಾದಿ ಹೊತ್ತಿಗೆ ಸಂತೆಯಲ್ಲಿ ಹೊಸ ಹುಣಸೆಹಣ್ಣು ರಾಶಿ ಬಿದ್ದಿರುತ್ತದೆ, ವರ್ಷಕ್ಕಾಗುವಷ್ಟು ಈಗಲೇ ತಗೊಳ್ಳಿ. ತಂದ ತಕ್ಷಣ ಡಬ್ಬಿಗೆ ತುಂಬಬೇಡಿ. ತಾರಸಿ ಮೇಲೆ ಹಳೇ ಪಂಚೆ ಹಾಸಿ ಎರಡು ಮೂರು ದಿನ ಚೆನ್ನಾಗಿ ಒಣಗಿಸಿ, ಆಮೇಲೆ ಬೀಜ, ನಾರು, ಸಿಪ್ಪೆಯ ಚೂರು ಎಲ್ಲ ಬಿಡಿಸಿ. ಬೇಜಾರಿನ ಕೆಲಸವೇ, ಆದರೆ ಊಟ ಆದಮೇಲೆ ನಾಲ್ಕು ಜನ ಕೂತು ಹರಟುತ್ತಾ ಮಾಡಿದರೆ ಮುಗಿದದ್ದೇ ಗೊತ್ತಾಗುವುದಿಲ್ಲ. ಸ್ವಲ್ಪ ಕಲ್ಲುಪ್ಪು ಬೆರೆಸಿ, ಪಿಂಗಾಣಿ ಜಾಡಿಗೆ ಮುಷ್ಟಿಯಿಂದ ಒತ್ತಿ ಒತ್ತಿ ತುಂಬಿ. ಉಪ್ಪಿದ್ದರೆ ಹುಳ ಬೀಳುವುದು ಕಡಿಮೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಹುಳಿ ಅದನ್ನು ತಿಂದುಬಿಡುತ್ತದೆ. ಒದ್ದೆ ಕೈಯನ್ನೂ ಹಾಕಬೇಡಿ. ತಿಂಗಳು ಕಳೆದಂತೆ ಬಣ್ಣ ಕಪ್ಪಾದರೆ ಕೆಟ್ಟಿತು ಅಂತ ಸುಮ್ನೆ ಎಸೆಯಬೇಡಿ, ನನ್ನ ಪ್ರಕಾರ ಗೊಜ್ಜಿಗೆ ಹಳೇ ಹುಳಿಯೇ ರುಚಿ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿಯಿಡೀ ಉಪ್ಪುನೀರಲ್ಲಿ ನೆನೆಸಿದರೆ ಬೆಳಿಗ್ಗೆ ಬಾಯಾಡಿಸಲು ಚೆನ್ನಾಗಿರುತ್ತದೆ.